ಜೋಡು

ಅಂಗಡಿಯ ಹುಡುಗ ಒತಕಾರ್ ನೆಲಕ್ಕೆ ಹಾಳೆ ಹಾಸಿ
ನಿಲ್ಲಿ ಅಮ್ಮಾ, ಎಂದ.
ಕಾಲುಚೀಲ ಕಳಚಿ ನಿಂತೆ.
ಪೆನ್ಸಿಲ್ ನೆಟ್ಟಗೆ ಹಿಡಿಯೋ,
ವಾಲಿದರೆ ಎರಡು ಮಿಲಿಮೀಟರ್ ಸುಳ್ಳು ಹೇಳುತ್ತೆ
ಅಂದುಬಿಟ್ಟೆ. ಬಾಯಿ ಸುಮ್ಮನಿರಲಿಲ್ಲ.
ಅವನಿಗೇನು ಗೊತ್ತು, ಇದೇ ಜ್ಲೀನ್ ಊರಿನ
ಕೆಂಪಿಟ್ಟಿಗೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಬೀಚ್ ಮರದಿಂದ ಪಾದ ಕಡೆದವಳು ನಾನು.

ಪಾದವಲ್ಲ, ಅಚ್ಚು.
ಪಾದಕ್ಕೂ ಅಚ್ಚಿಗೂ ಆಗ ನೆಂಟಸ್ತಿಕೆ ಇರಲಿಲ್ಲ.
ಮೇಲಿನ ಕೋಣೆಯಿಂದ ನಕ್ಷೆ ಇಳಿದು ಬರೋದು: ಮುಂದೆ ಇನ್ನೂ ಚೂಪು.
ಅರ ಹಿಡಿದು ಉಜ್ಜುತ್ತಿದ್ದೆ. ಕಿರುಬೆರಳಿನ ಮನೆ
ಸೀಸನ್ನಿಗೊಂದು ಗೋಧಿಕಾಳಿನಷ್ಟು ಕಿರಿದಾಗುತ್ತಿತ್ತು.
ಧೂಳಿಗೆ ಸೀನಿದರೆ ಪಕ್ಕದ ಬೆಂಚಿನಿಂದ ಬ್ಲಾಜೆನಾ:
ಯಾವಳದೋ ಬೆರಳು ನಿನ್ನ ಮೂಗಿಗೆ ಹೋಯ್ತು ನೋಡು!

ಈಗ ಹಾಳೆಯ ಮೇಲೆ ನನ್ನದೇ ಪಾದ.
ಎಡದ ಹೆಬ್ಬೆರಳು, ರಾತ್ರಿಪಾಳಿ ಮುಗಿಸಿ
ಬಸ್ಸಿನಲ್ಲಿ ಪಕ್ಕದವಳ ಹೆಗಲಿಗೆ ತಲೆಯಿಟ್ಟು ನಿದ್ದೆಹೋದ ಹಾಗೆ.
ಬುಡದಲ್ಲಿ ಗಂಟು.
ಹುಡುಗ ನೋಡಿದ, ಏನೂ ಅನ್ನಲಿಲ್ಲ. ಒಳ್ಳೆಯ ಮನೆಯವನು.
ಎಡಕ್ಕೂ ಬಲಕ್ಕೂ ಒಂಬತ್ತು ಮಿಲಿಮೀಟರ್ ವ್ಯತ್ಯಾಸ
ಎಂದಷ್ಟೇ ಬರೆದುಕೊಂಡು, ಡಬ್ಬಿ ತರಲು ಹೋದ.

ಐದು ಕಂಪನಿ. ಹೆಸರು ನಾಲಿಗೆಗೆ ಹತ್ತಲಿಲ್ಲ, ನಾನೇ ಇಟ್ಟೆ.
ಮೊದಲನೆಯದು ಬಾತುಕೋಳಿ. ಮುಂದೆ ಅಗಲವೋ ಅಗಲ,
ಹಿಮ್ಮಡಿ ಮಾತ್ರ ಒಳಗೆ ಬಾಡಿಗೆಯವನಂತೆ ಓಡಾಡಿಕೊಂಡಿತ್ತು.
ಎರಡನೆಯದು ಕಾಗದ. ಅಡಿ ಮೂರೇ ಮಿಲಿಮೀಟರ್.
ಸುತ್ತಿ ಜೇಬಿಗಿಡಬಹುದು, ಎಂದು ಸುತ್ತಿಯೇ ತೋರಿಸಿದ.
ಮೆಟ್ಟು ಜೇಬಿಗಿಟ್ಟು ನಾನೆಲ್ಲಿಗೆ ಹೋಗಲಪ್ಪ?
ಆದರೂ ಹಾಕಿ ನಾಲ್ಕು ಹೆಜ್ಜೆ ನಡೆದೆ.
ಹಲಗೆ, ಹಲಗೆಯ ಸಂದು, ಸಂದಿನಲ್ಲಿ ಸಿಕ್ಕ ಹರಳು
ಎಲ್ಲವನ್ನೂ ಓದಿಕೊಂಡು ಬಂತು ಅಂಗಾಲು,
ಹೊಸ ಕನ್ನಡಕದವರು ಬೀದಿಯ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುವ ಹಾಗೆ.
ಓದು ಮುಗಿಯುವಷ್ಟರಲ್ಲಿ ಮಂಡಿ ಬೇಡ ಅಂದಿತು.

ಮೂರನೆಯವಳು ಚೆಲುವೆ. ಕೆಂಪು.
ಹೊಲಿಗೆ ಎಣಿಸಿದೆ, ಒಂದೂ ತಪ್ಪಿಲ್ಲ.
ಬರಿಗಾಲಿನ ಮೆಟ್ಟು, ಅಂತ ಚೀಟಿ ಬೇರೆ.
ಒಳಗೆ ಕೈ ಹಾಕಿ ತಡವಿದರೆ ಕಿರುಬೆರಳಿಗೆ ಮನೆಯೇ ಇಲ್ಲ!
ನಮ್ಮ ಹಳೇ ಅಚ್ಚೇ ಇದು, ವೇಷ ಹಾಕಿದೆ.
ಕಡೆದವಳ ಮುಂದೆ ತಂದಿಡುತ್ತೀಯೇನೋ?
ನಾಲ್ಕನೆಯದರ ಬೆಲೆ ನೋಡಿದೆ. ಕಾಲು ತಾನಾಗಿ ಹಿಂದೆ ಬಂತು.

ಐದನೆಯದು ಕಂದು, ಸಂಜೆಗೆ ಉಳಿದ ರೈ ಬ್ರೆಡ್ಡಿನಂತೆ,
ಅಂದವಿಲ್ಲ ಚಂದವಿಲ್ಲ.
ಎಡಗಾಲು ಒಳಗೆ ಹೋಯಿತು. ಹೋಗಿ ಸುಮ್ಮನಾಯಿತು.
ಹೆಬ್ಬೆರಳು ನಿದ್ದೆಯಲ್ಲೇ ಒಂಚೂರು ಸರಿಯಿತು.
ಬಲಗಾಲು ಮಾತ್ರ ಈಜಿತು. ಒಂದಳತೆ ಇಳಿಸಿದರೆ ಬಲಕ್ಕೆ ಸೈ,
ಎಡ ಅಳುತ್ತದೆ.

ಎರಡು ಡಬ್ಬಿಯಿಂದ ಒಂದೊಂದು ಕೊಡು, ಎಂದೆ.
ತಲೆ ಕೆರೆದುಕೊಂಡ: ಉಳಿದ ಒಂಟಿಗಳನ್ನು ಯಾರಿಗೆ ಮಾರಲಿ, ಅಮ್ಮಾ?

ಯಾರಿಗೆ ಅಂತ ನನಗೆ ಗೊತ್ತು.
ನನಗೆ ಎಡ ದೊಡ್ಡದು, ಅವಳಿಗೆ ಬಲ.
ಕಾರ್ಖಾನೆ ವರ್ಷಕ್ಕೊಮ್ಮೆ ಕೊಡುತ್ತಿದ್ದ ಜೋಡನ್ನು
ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿಡಿಸಿ, ಹಂಚಿಕೊಂಡು,
ಒಬ್ಬರದೊಂದು ಒಬ್ಬರದೊಂದು ಮೆಟ್ಟಿ
ನದಿ ದಾಟಿ ಮನೆಗೆ ನಡೆದವರು.
ಆಮೇಲೆ ತೋಟದ ಬೇಲಿ, ಬೇಲಿಗೆ ವಾಲಿದ ಪ್ಲಮ್ ಮರ,
ಹಣ್ಣು ಯಾರದು ಅನ್ನುವ ಮಾತು. ಹನ್ನೊಂದು ವರ್ಷ.
ಮರ ಒಣಗಿಯೇ ಆರು ವರ್ಷವಾಯಿತು.

ನಿನ್ನ ಫೋನ್ ಕೊಡೋ, ಎಂದೆ.
ನಂಬರ್ ಇನ್ನೂ ಬೆರಳ ತುದಿಯಲ್ಲೇ ಇತ್ತು.
ಯಾರು? ಅಂದಳು, ಅದೇ ಸಿಡುಕು.
ಹೆಸರು ಹೇಳಲಿಲ್ಲ ನಾನು.
ನಿನ್ನ ಬಲಗಾಲು ಈಗಲೂ ದೊಡ್ಡದೇನೇ? ಎಂದೆ.

ಆ ಕಡೆ ಬಹಳ ಹೊತ್ತು ಏನೂ ಇಲ್ಲ.
ಒತಕಾರ್ ಮುಚ್ಚಳ ಕೈಯಲ್ಲಿ ಹಿಡಿದೇ ನಿಂತಿದ್ದ.

ಯಾವ ಬಣ್ಣ? ಅಂದಳು.